ಮಗ್ಗ ತಾನೇ ನೇಯ್ದರೆ ಕೂಲಿ ಯಾರಿಗೆ?

(ದೊಡ್ಡಬೆಳವಂಗಲದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಬೆಳಿಗ್ಗೆ ದೊಡ್ಡಬಳ್ಳಾಪುರದಿಂದ ಇಲ್ಲಿಗೆ ಬರುವಾಗ ರಸ್ತೆ ಪಕ್ಕದ ಹೊಲದಲ್ಲಿ ಬೋರು ಕೊರೆಯುವ ಲಾರಿ ನಿಂತಿತ್ತು. ತಿರುಚೆಂಗೋಡಿನದು. ಬೂದಿಬಣ್ಣದ ಕಲ್ಲುಪುಡಿ ಎದ್ದು ಪಕ್ಕದ ರಾಗಿ ಪೈರಿನ ಮೇಲೆಲ್ಲ ಕೂತಿತ್ತು. ಹೊಲದ ಯಜಮಾನರು ಮೂಗಿಗೆ ಟವೆಲು ಕಟ್ಟಿಕೊಂಡು ಬದುವಿನ ಮೇಲೆ ಕುಕ್ಕರಗಾಲಲ್ಲಿದ್ದರು. ಗಾಡಿ ನಿಲ್ಲಿಸಿ ಮಾತಾಡಿಸಿದೆ.

‘ಎಷ್ಟು ಅಡಿ ಆಯ್ತು ಯಜಮಾನ್ರೆ?’

‘ಒಂಬೈನೂರ ಎಂಬತ್ತು. ಇನ್ನೂ ಪುಡೀನೇ ಬರ್ತಾ ಐತೆ.’

‘ಪಾಯಿಂಟ್ ಮಾಡಿದ್ದು ಯಾರು?’

‘ಮಿಷಿನ್ನೋರೂ ಬಂದಿದ್ರು, ತೆಂಗಿನಕಾಯೋರೂ ಬಂದಿದ್ರು. ಇಬ್ರೂ ಇದೇ ಜಾಗ ತೋರ್ಸಿದ್ರು.’

‘ಇಬ್ಬರೂ ಬೇರೆ ಬೇರೆ ಜಾಗ ತೋರಿಸಿದ್ದಿದ್ರೆ?’

ಅವರು ಟವೆಲು ಇಳಿಸಿ ನನ್ನನ್ನೊಮ್ಮೆ ನೋಡಿದರು. ‘ಎರಡೂ ಕಡೆ ಹೊಡಿಸ್ತಿದ್ದೆ.’

ವಿಜ್ಞಾನ ಕಥೆ ಮತ್ತು ಮನುಷ್ಯ ಸ್ವಭಾವ ಎಂಬ ವಿಷಯ ಕೊಟ್ಟು ನನ್ನನ್ನು ಕರೆದಿದ್ದೀರಿ. ಮನುಷ್ಯ ಸ್ವಭಾವದ ಬಗ್ಗೆ ಆ ಯಜಮಾನರಿಗಿಂತ ಹೆಚ್ಚಿಗೆ ಹೇಳಬಲ್ಲೆನೇ ಎಂಬ ಅಳುಕಿನಲ್ಲೇ ಮೈಕಿನ ಮುಂದೆ ನಿಂತಿದ್ದೇನೆ.

ನಾನು ದೂರದವನಲ್ಲ, ದೊಡ್ಡಬಳ್ಳಾಪುರದ ನೇಕಾರರ ಬೀದಿಯವನು. ನಮ್ಮ ಮನೆಯಲ್ಲಿ ಎರಡು ಪವರ್‌ಲೂಮ್ ಇದ್ದವು. ಆ ಸದ್ದಿನಲ್ಲೇ ಹುಟ್ಟಿದವರಿಗೆ ಸದ್ದು ಕೇಳಿಸುವುದಿಲ್ಲ, ಕರೆಂಟು ಹೋದಾಗ ಬರುವ ಮೌನ ಕೇಳಿಸುತ್ತದೆ. ಆಗ ಬೀದಿಯ ಹೆಂಗಸರು ಜಗುಲಿಗೆ ಬಂದು ಕೂರುತ್ತಿದ್ದರು. ನಾನು ಕಥೆ ಬರೆಯಲು ಕಲಿತದ್ದು ಆ ಕರೆಂಟಿಲ್ಲದ ಹೊತ್ತಿನಲ್ಲಿ.

ನನ್ನ ಮೊದಲ ವಿಜ್ಞಾನ ಕಥೆಯಲ್ಲಿ 2020ನೇ ಇಸವಿಯ ದೊಡ್ಡಬಳ್ಳಾಪುರವಿತ್ತು. ಆಗ ಆ ಇಸವಿ ಮುಟ್ಟಲಾಗದಷ್ಟು ದೂರವಿತ್ತು. ಕಥೆಯ ಮಗ್ಗಗಳು ತಾವೇ ನೇಯುತ್ತವೆ. ಎಳೆ ಕಡಿದರೆ ತಾವೇ ಗಂಟು ಹಾಕಿಕೊಳ್ಳುತ್ತವೆ. ಹೊಸ ಡಿಸೈನನ್ನೂ ತಾವೇ ಯೋಚಿಸುತ್ತವೆ. ನೇಕಾರರು ಬೆಳಿಗ್ಗೆ ಎದ್ದು ಗುಂಡಿ ಒತ್ತಿ, ಮಾಕಳಿದುರ್ಗದ ಬೆಟ್ಟ ಹತ್ತಿ, ಸಂಜೆಯವರೆಗೆ ಪುಸ್ತಕ ಓದಿ ಇಳಿದು ಬರುತ್ತಾರೆ. ಕಥೆಯನ್ನು ಒಂದು ಪತ್ರಿಕೆಗೆ ಕಳಿಸಿದೆ. ಅಚ್ಚು ಹಾಕಿದ ಎರಡು ಸಾಲಿನ ಚೀಟಿಯೊಡನೆ ವಾಪಸು ಬಂತು. ಇನ್ನೊಂದು ಪತ್ರಿಕೆ ಹಾಕಿಕೊಂಡಿತು, ಆದರೆ ಶೀರ್ಷಿಕೆಯಲ್ಲಿ ‘ರಾಕ್ಷಸ’ ಎಂಬ ಪದ ಸೇರಿಸಿ, ಕಥೆಯಲ್ಲೇ ಇಲ್ಲದ ಹೆಣ್ಣೊಬ್ಬಳಿಗೆ ಬೆಳ್ಳಿ ತಗಡಿನಂಥ ಬಟ್ಟೆ ತೊಡಿಸಿದ ಚಿತ್ರದೊಡನೆ. ವಿಜ್ಞಾನ ಕಥೆ ಎಂದರೆ ಒಂದು ರಾಕೆಟ್ಟು, ಒಂದು ಹೆಣ್ಣು ಎಂಬ ತಿಳಿವಳಿಕೆ ಆಗ ಗಟ್ಟಿಯಾಗಿತ್ತು. ಈಗಲೂ ಪೂರ್ತಿ ಹೋಗಿಲ್ಲ.

ಅಮ್ಮನಿಗೆ ಓದು ಬಾರದು. ಕಂಡಿಕೆ ಸುತ್ತುತ್ತಾ ಕೂತಿದ್ದಳು. ಪತ್ರಿಕೆ ಹಿಡಿದು ಪೂರ್ತಿ ಓದಿ ಹೇಳಿದೆ. ರಾಟೆ ನಿಲ್ಲಿಸದೆಯೇ ಕೇಳಿಸಿಕೊಂಡಳು.

‘ಮಗ್ಗ ತಾನೇ ನೇಯ್ತದೆ, ಸರಿ. ಕೂಲಿ ಯಾರಿಗ್ ಕೊಡ್ತಾರೆ?’

‘ಮಗ್ಗಕ್ಕೆ ಯಾಕಮ್ಮ ಕೂಲಿ?’

‘ಮಗ್ಗಕ್ಕಲ್ಲ ಕಣೋ. ನಮ್ಗೆ.’

‘ಅದು ಕಥೆ ಅಮ್ಮ.’

‘ಕಥೇಲೂ ಉಣ್ಬೇಕಲ್ಲ.’

ನನಗೆ ಸಿಟ್ಟು ಬಂತು. ಪೇಟೆಯ ವಿಮರ್ಶಕರು ಸರಿಯಾಗಿ ಓದುವುದಿಲ್ಲವೆಂದು ದೂರುತ್ತಿದ್ದವನಿಗೆ ಮನೆಯೊಳಗೇ ವಿಮರ್ಶಕಿ ಸಿಕ್ಕಿದ್ದಳು. ಆ ಪ್ರಶ್ನೆಯ ತೂಕ ತಿಳಿಯಲು ನನಗೆ ಹತ್ತು ಹದಿನೈದು ವರ್ಷ ಹಿಡಿಯಿತು. ಅರಿಸ್ಟಾಟಲನ ‘ರಾಜಕೀಯ’ ಎಂಬ ಗ್ರಂಥದ ಮೊದಲ ಭಾಗವನ್ನು ಓದುತ್ತಿದ್ದೆ. ಅದರಲ್ಲಿ ಆತ ಗುಲಾಮರು ಯಾಕೆ ಬೇಕು ಎಂದು ವಾದಿಸುತ್ತಾ, ಲಾಳಿ ತಾನೇ ನೇಯುವಂತಿದ್ದರೆ, ವೀಣೆ ತಾನೇ ನುಡಿಯುವಂತಿದ್ದರೆ, ಒಡೆಯರಿಗೆ ಆಳುಗಳು ಬೇಕಾಗುತ್ತಲೇ ಇರಲಿಲ್ಲ ಎಂಬರ್ಥದ ಮಾತು ಹೇಳುತ್ತಾನೆ. ನನ್ನ ಕಥೆಯ ಮಗ್ಗವನ್ನು ಆತ 2300 ವರ್ಷಗಳ ಹಿಂದೆಯೇ ಕಲ್ಪಿಸಿಬಿಟ್ಟಿದ್ದ. ನನ್ನ ಹಾಗೆಯೇ ಅರ್ಧಕ್ಕೆ ನಿಲ್ಲಿಸಿದ್ದ. ಲಾಳಿ ತಾನೇ ನೇಯ್ದರೆ ಒಡೆಯನಿಗೆ ಆಳು ಬೇಡ ಎಂಬುದನ್ನು ಕಂಡ. ಒಡೆಯನಿಗೆ ಬೇಡವಾದ ಆಳು ಅಂದು ರಾತ್ರಿ ಏನು ಉಂಡ ಎಂದು ಕೇಳಲಿಲ್ಲ. ಅದನ್ನು ಕೇಳುವವರು ಒಡೆಯನ ಕಡೆ ಕೂತಿರುವುದಿಲ್ಲ, ಕಂಡಿಕೆ ಸುತ್ತುವ ಕಡೆ ಕೂತಿರುತ್ತಾರೆ.

ಇನ್ನು ರೋಬೋ. ಕನ್ನಡದಲ್ಲಿ ನಾವು ಇದನ್ನು ‘ಯಂತ್ರಮಾನವ’ ಮಾಡಿಕೊಂಡೆವು. ಪದ ಚೆನ್ನಾಗಿದೆ, ಗಂಭೀರವಾಗಿದೆ, ಮೂಲದ ಅರ್ಥ ಮಾತ್ರ ತಪ್ಪಿಸಿಕೊಂಡಿತು. ಜೆಕ್ ಭಾಷೆಯ ನಾಟಕಕಾರ ಕಾರೆಲ್ ಚಾಪೆಕ್ 1920ರಲ್ಲಿ ‘ಆರ್.ಯು.ಆರ್.’ ಎಂಬ ನಾಟಕ ಬರೆದ. ಕಾರ್ಖಾನೆಯಲ್ಲಿ ತಯಾರಾಗುವ ಕೃತಕ ಆಳುಗಳಿಗೆ ಏನೆಂದು ಹೆಸರಿಡುವುದೋ ತೋಚದಿದ್ದಾಗ ಅಣ್ಣ ಯೋಸೆಫ್ ಒಂದು ಪದ ಸೂಚಿಸಿದನಂತೆ. ಅದು ಹುಟ್ಟಿದ್ದು ‘ರೊಬೋತಾ’ದಿಂದ. ಹಾಗೆಂದರೆ ಜಮೀನ್ದಾರನ ಹೊಲದಲ್ಲಿ ಒಕ್ಕಲು ಮಗ ಕೂಲಿಯಿಲ್ಲದೆ ಮಾಡಲೇಬೇಕಿದ್ದ ದುಡಿಮೆ. ಇದಕ್ಕೆ ಕನ್ನಡದಲ್ಲಿ ಪದ ಹುಡುಕಬೇಕಾಗಿಲ್ಲ. ನಮ್ಮ ಶಾಸನಗಳಲ್ಲೇ ಇದೆ, ನಮ್ಮ ಅಜ್ಜಂದಿರ ಬಾಯಲ್ಲೂ ಇತ್ತು: ಬಿಟ್ಟಿ. ಸಂಸ್ಕೃತದ ‘ವಿಷ್ಟಿ’ಯ ತದ್ಭವ. ರೋಬೋ ಎಂದರೆ ಬಿಟ್ಟಿಯಾಳು. ಚಾಪೆಕನ ನಾಟಕದಲ್ಲಿ ಅವರು ತಗಡು ಮೊಳೆಗಳಿಂದ ಆದವರೂ ಅಲ್ಲ, ಮೈಯಿರುವವರು. ಒಂದು ದಿನ ತಿರುಗಿ ಬಿದ್ದು ಮನುಷ್ಯರನ್ನೆಲ್ಲ ಮುಗಿಸುತ್ತಾರೆ, ಒಬ್ಬನನ್ನು ಬಿಟ್ಟು. ಆ ಒಬ್ಬನನ್ನು ಉಳಿಸುವುದಕ್ಕೆ ಕಾರಣ, ಅವನೂ ತಮ್ಮ ಹಾಗೆ ಕೈಯಿಂದ ದುಡಿಯುತ್ತಾನೆ ಎಂಬುದು. ‘ಯಂತ್ರಮಾನವ’ ಎಂದು ಅನುವಾದಿಸಿಕೊಂಡವರಿಗೆ ಇದು ಯಂತ್ರದ ಭಯದ ಕಥೆ. ‘ಬಿಟ್ಟಿಯಾಳು’ ಎಂದು ಅನುವಾದಿಸಿಕೊಂಡಿದ್ದರೆ ಬೇರೆ ಕಥೆ ಓದುತ್ತಿದ್ದೆವು.

ಇನ್ನೊಂದು ಪುಸ್ತಕದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’. 1818ರ ಜನವರಿಯಲ್ಲಿ ಅಚ್ಚಾಯಿತು. ಬರೆಯಲು ಶುರುಮಾಡಿದ್ದು 1816ರ ಬೇಸಗೆಯಲ್ಲಿ. ಅದಕ್ಕೆ ಹಿಂದಿನ ವರ್ಷ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರ ಧೂಳು ಭೂಮಿಯನ್ನೆಲ್ಲ ಮುಸುಕಿ, ಯುರೋಪಿನಲ್ಲಿ ಬೇಸಗೆಯೇ ಬಂದಿರಲಿಲ್ಲ. ಜಿನೀವಾ ಸರೋವರದ ದಡದಲ್ಲಿ ಕವಿ ಬೈರನ್ ಬಾಡಿಗೆ ಹಿಡಿದಿದ್ದ ಮನೆಯಲ್ಲಿ, ಮಳೆಗೆ ಹೊರಗೆ ಹೋಗಲಾಗದೆ, ಕೂತವರು ಒಬ್ಬೊಬ್ಬರೂ ಒಂದೊಂದು ದೆವ್ವದ ಕಥೆ ಬರೆಯೋಣವೆಂದು ಪಂಥ ಕಟ್ಟಿಕೊಂಡರು. ಮೇರಿಗೆ ಆಗ 18 ವರ್ಷ. ಇಲ್ಲಿ ಪಿಯುಸಿ ಮುಗಿಸಿದ ಹುಡುಗಿಯರ ವಯಸ್ಸು.

ಸಿನಿಮಾ ನೋಡಿದವರಿಗೆ ಅದರಲ್ಲಿರುವುದು ಹೊಲಿಗೆ ಹಾಕಿದ ಹಣೆಯ ಒಂದು ಭೂತ. ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಜಾಗ. ಸೃಷ್ಟಿಸಿದವನು ಮುಖ ನೋಡಿ ಹೆದರಿ ಓಡಿಹೋದ ಮೇಲೆ ಆ ಜೀವ ಕಾಡಿನಲ್ಲಿ ಅಲೆದು ಒಂದು ಬಡ ಕುಟುಂಬದ ಗುಡಿಸಲಿಗೆ ಆತುಕೊಂಡ ಕೊಟ್ಟಿಗೆಯಲ್ಲಿ ಅಡಗಿಕೊಳ್ಳುತ್ತದೆ. ಗೋಡೆಯ ಬಿರುಕಿನಲ್ಲಿ ಅವರನ್ನು ನೋಡುತ್ತಾ, ಕೇಳುತ್ತಾ ಮಾತು ಕಲಿಯುತ್ತದೆ. ಅವರ ಮನೆಯ ಹುಡುಗ ಸೌದೆಗಾಗಿ ದಿನವೆಲ್ಲ ಒದ್ದಾಡುವುದು ಕಂಡು, ರಾತ್ರಿ ಕಾಡಿಗೆ ಹೋಗಿ ಸೌದೆ ಕಡಿದು ಬಾಗಿಲಲ್ಲಿ ಒಟ್ಟಿಬಿಡುತ್ತದೆ. ಬೆಳಿಗ್ಗೆ ಅವರು ಯಾವುದೋ ಒಳ್ಳೆಯ ದೇವತೆಯ ಕೆಲಸ ಎಂದುಕೊಳ್ಳುತ್ತಾರೆ. ತಿಂಗಳುಗಟ್ಟಲೆ ಹೀಗೆ ನಡೆಯುತ್ತದೆ. ಒಂದು ದಿನ ಧೈರ್ಯ ಮಾಡಿ ಒಳಗೆ ಹೋದಾಗ ಕಣ್ಣು ಕಾಣದ ಮುದುಕ ಮಾತ್ರ ಕೂರಿಸಿ ಮಾತಾಡಿಸುತ್ತಾನೆ. ಕಣ್ಣಿರುವ ಮಗ ಬಂದವನೇ ದೊಣ್ಣೆ ತೆಗೆದುಕೊಂಡು ಬಡಿಯುತ್ತಾನೆ. ಸೌದೆ ಬೇಕು, ಸೌದೆ ತಂದವನ ಮುಖ ಬೇಡ.

ಹಜಾರದ ಈ ಕೊನೆಯಿಂದ ಆ ಕೊನೆಯವರೆಗೆ ಕೂತಿರುವ ನಮಗೆ ಈ ದೃಶ್ಯವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ನಮ್ಮ ಊರುಗಳಲ್ಲಿ ಯಾರ ಮನೆಯ ಸೌದೆ ಯಾರು ಒಡೆದರು, ಯಾವ ಬಾಗಿಲಲ್ಲಿ ನಿಂತರು ಎಂಬುದು ಎಲ್ಲರಿಗೂ ಗೊತ್ತು. ಜಿನೀವಾದಲ್ಲಿ ಕೂತ 18ರ ಹುಡುಗಿಗೆ ಅದು ಹೇಗೆ ಗೊತ್ತಾಯಿತೋ.

ಬೈರನ್ ಹೆಸರು ಬಂತಲ್ಲ, ಅದರಲ್ಲಿ ಒಂದು ಎಳೆ ಇದೆ. ನೇಕಾರರ ಕುಲದವನಾಗಿ ನಾನು ಅದನ್ನು ಬಿಟ್ಟು ಹೋಗಲಾರೆ. ಅದೇ ಬೈರನ್ 1812ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಪ್ರಭುಗಳ ಸಭೆಯಲ್ಲಿ ಮಾಡಿದ ಮೊದಲ ಭಾಷಣ ಬಟ್ಟೆ ಹೆಣೆಯುವ ಯಂತ್ರಗಳನ್ನು ಒಡೆದ ಕೆಲಸಗಾರರ ಪರವಾಗಿತ್ತು. ಯಂತ್ರ ಒಡೆದವರಿಗೆ ಗಲ್ಲು ಎಂಬ ಮಸೂದೆಯನ್ನು ಆತ ವಿರೋಧಿಸಿದ. ಮಸೂದೆ ಪಾಸಾಯಿತು. ನಾಲ್ಕು ವರ್ಷದ ಮೇಲೆ ಆತನ ಮನೆಯ ಜಗುಲಿಯಲ್ಲಿ ‘ಫ್ರಾಂಕೆನ್‌ಸ್ಟೈನ್’ ಹುಟ್ಟಿತು. ಆತ ಹಸುಗೂಸಿನಲ್ಲೇ ಬಿಟ್ಟು ಬಂದು ಮತ್ತೆಂದೂ ನೋಡದ ಮಗಳು ಏಡಾ ದೊಡ್ಡವಳಾಗಿ, 1843ರಲ್ಲಿ, ಚಾರ್ಲ್ಸ್ ಬ್ಯಾಬೇಜ್ ಕಟ್ಟಬೇಕೆಂದಿದ್ದ ಲೆಕ್ಕದ ಯಂತ್ರದ ಬಗ್ಗೆ ಟಿಪ್ಪಣಿಗಳನ್ನು ಬರೆದಳು. ಜಕಾರ್ಡ್ ಮಗ್ಗ ಹೂವು ಎಲೆಗಳನ್ನು ನೇಯುವಂತೆ ಈ ಯಂತ್ರ ಬೀಜಗಣಿತವನ್ನು ನೇಯುತ್ತದೆ ಎಂಬುದು ಅವಳ ಹೋಲಿಕೆ. ಕಂಪ್ಯೂಟರಿನ ಮೊದಲ ಉಪಮೆ ಮಗ್ಗದ್ದು.

ಜಕಾರ್ಡ್ ಪೆಟ್ಟಿಗೆ ಏನೆಂದು ಇಲ್ಲಿರುವ ಅರ್ಧ ಜನಕ್ಕೆ ಗೊತ್ತು. ಗೊತ್ತಿಲ್ಲದ ಮಕ್ಕಳಿಗಾಗಿ ಹೇಳುತ್ತೇನೆ. ಮಗ್ಗದ ತಲೆಯ ಮೇಲೆ ಕೂತಿರುತ್ತದೆ. ತೂತು ಹೊಡೆದ ರಟ್ಟಿನ ಕಾರ್ಡುಗಳನ್ನು ದಾರದಿಂದ ಪೋಣಿಸಿ ಮಾಲೆ ಮಾಡಿ ಅದಕ್ಕೆ ಏರಿಸುತ್ತಾರೆ. ಒಂದು ಕಾರ್ಡು ಬಂದು ಒತ್ತಿದಾಗ ತೂತಿರುವ ಕಡೆ ಸೂಜಿ ಒಳಗೆ ಹೋಗುತ್ತದೆ, ಆ ಎಳೆ ಮೇಲೇಳುತ್ತದೆ. ತೂತಿಲ್ಲದ ಕಡೆ ಸೂಜಿ ಹಿಂದೆ ಸರಿಯುತ್ತದೆ, ಎಳೆ ಕೆಳಗೇ ಉಳಿಯುತ್ತದೆ. ಲಾಳಿ ಓಡುತ್ತದೆ, ಮುಂದಿನ ಕಾರ್ಡು ಬರುತ್ತದೆ. ಇದೆ, ಇಲ್ಲ. ಇಷ್ಟರಲ್ಲೇ ಸೆರಗಿನ ನವಿಲು, ಅಂಚಿನ ಗೋಪುರ, ಒಡಲಿನ ಬುಟ್ಟಾ ಎಲ್ಲ ಬರಬೇಕು. ಲಿಯೋನ್ ನಗರದ ಜಕಾರ್ಡ್ ಎಂಬಾತ 1804ರ ಹೊತ್ತಿಗೆ ಇದನ್ನು ಮಾಡಿ ತೋರಿಸಿದ. ಅವನದೇ ಚಿತ್ರವನ್ನು ಸುಮಾರು 24,000 ಕಾರ್ಡು ಬಳಸಿ ರೇಷ್ಮೆಯಲ್ಲಿ ನೇಯ್ದರು. ಬ್ಯಾಬೇಜ್ ಅದರ ಒಂದು ಪ್ರತಿ ತರಿಸಿ ಮನೆಯಲ್ಲಿ ಇಟ್ಟುಕೊಂಡಿದ್ದ. ಬಂದವರು ಅದನ್ನು ಅಚ್ಚಿನ ಚಿತ್ರ ಎಂದುಕೊಳ್ಳುತ್ತಿದ್ದರಂತೆ.

ಜಕಾರ್ಡಿಗೆ ಮುಂಚೆ ಮಗ್ಗದ ಪಕ್ಕದಲ್ಲಿ ಒಬ್ಬ ಹುಡುಗ ಇರುತ್ತಿದ್ದ. ಡಿಸೈನಿನ ಪ್ರಕಾರ ದಾರಗಳನ್ನು ಹಿಡಿದು ಎಳೆಯುವುದು ಅವನ ಕೆಲಸ. ಜಕಾರ್ಡ್ ಪೆಟ್ಟಿಗೆ ತೆಗೆದದ್ದು ಅವನ ಕೆಲಸವನ್ನು. ಅದು ಒಳ್ಳೆಯದೇ, ಮೈ ಮುರಿಯುವ ಕೆಲಸ ಅದು. ಆದರೆ ಆ ಮಕ್ಕಳು ಎಲ್ಲಿಗೆ ಹೋದರೆಂದು ಯಾರೂ ಬರೆದಿಟ್ಟ ಹಾಗೆ ಕಾಣೆ. 1831ರಲ್ಲಿ ಲಿಯೋನಿನ ನೇಕಾರರು ದಂಗೆಯೆದ್ದು ಊರನ್ನೇ ಹಿಡಿದುಕೊಂಡರು. ಕಾರಣ ಮಗ್ಗವಲ್ಲ. ತುಂಡಿಗೆ ಇಂತಿಷ್ಟು ಎಂದು ಗೊತ್ತುಮಾಡಿದ ಕೂಲಿಯ ದರವನ್ನು ವ್ಯಾಪಾರಿಗಳು ಕೊಡಲೊಪ್ಪಲಿಲ್ಲ. ಅಮ್ಮ ಲಿಯೋನಿನಲ್ಲಿ ಹುಟ್ಟಿದ್ದರೂ ಅದೇ ಪ್ರಶ್ನೆ ಕೇಳುತ್ತಿದ್ದಳು.

ಈ ಪ್ರಶ್ನೆಯನ್ನು ಕಡೆಯವರೆಗೂ ಎಳೆದುಕೊಂಡು ಹೋದವನು ಎಚ್.ಜಿ. ವೆಲ್ಸ್. 1895ರ ‘ಟೈಮ್ ಮಷೀನ್’ನಲ್ಲಿ ದುಡಿಯುವವರನ್ನು ನೆಲದಡಿಗೆ ತಳ್ಳಿ, ಉಣ್ಣುವವರನ್ನು ಮೇಲೆ ಬಿಟ್ಟು, ಲಕ್ಷಾಂತರ ವರ್ಷ ಕಳೆಯಲು ಬಿಟ್ಟ. ಕೊನೆಗೆ ಎರಡೂ ಬೇರೆ ಬೇರೆ ಪ್ರಾಣಿಗಳಾದವು. ನೆಲದಡಿಯವು ರಾತ್ರಿ ಮೇಲೆ ಬಂದು ಮೇಲಿನವನ್ನು ತಿನ್ನುತ್ತವೆ. ಅಷ್ಟು ಕಟುವಾಗಿ ಬರೆಯಲು ನನಗೆ ಎಂದೂ ಆಗಿಲ್ಲ.

ಕನ್ನಡದ ಮಾತಿಗೆ ಬರೋಣ. 1918ರ ಬೆಂಗಳೂರನ್ನು ನಾನು ಆಗಾಗ ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತೇನೆ. ಒಂದು ಕಡೆ ಸೆಂಟ್ರಲ್ ಕಾಲೇಜಿನ ಭೌತವಿಜ್ಞಾನದ ಮೇಷ್ಟರು ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ನಡೆಸುತ್ತಿದ್ದರು. ಕನ್ನಡದಲ್ಲಿ ವಿಜ್ಞಾನ ಹೇಳಲು ಪದವೇ ಇಲ್ಲ ಎನ್ನುತ್ತಿದ್ದ ಕಾಲದಲ್ಲಿ ಒಂದೊಂದೇ ಪದ ಕೂಡಿಸಿದರು. ಪತ್ರಿಕೆ ಎರಡು ವರ್ಷ ನಡೆದು ನಿಂತಿತು.

ಅದೇ ವರ್ಷ, ಇದೇ ಬೆಂಗಳೂರಿನ ಸೀಮೆಯಲ್ಲಿ, ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ‘ವೈಮಾನಿಕ ಶಾಸ್ತ್ರ’ವನ್ನು ಹೇಳಿ ಬರೆಸತೊಡಗಿದರು. ಬರೆದುಕೊಂಡವರು ವೆಂಕಟಾಚಲ ಶರ್ಮರು. ಐದು ವರ್ಷ ನಡೆದು 1923ರಲ್ಲಿ ಮುಗಿಯಿತು. ಇದು ಭರದ್ವಾಜ ಮಹರ್ಷಿಯ ಶಾಸ್ತ್ರ, ತಮಗೆ ಒಳಗಣ್ಣಿಗೆ ಕಂಡದ್ದು ಎಂದರು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳು. ತ್ರಿಪುರವು ನೆಲ, ನೀರು, ಆಕಾಶ ಮೂರರಲ್ಲೂ ಹೋಗುವಂಥದ್ದು. ಯಾವ ಲೋಹ, ಯಾವ ಕನ್ನಡಿ, ನಡೆಸುವವನು ಏನು ಉಣ್ಣಬೇಕು, ಏನು ಉಡಬೇಕು ಎಲ್ಲವೂ ಉಂಟು. ಎಲ್ಲಪ್ಪ ಎಂಬ ನಕ್ಷೆಗಾರರು ಚಿತ್ರ ಬರೆದುಕೊಟ್ಟರು. ಮೈಸೂರಿನ ಜಿ.ಆರ್. ಜೋಸ್ಯರ್ 1973ರಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಮರುವರ್ಷವೇ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ನಾಲ್ವರು ಅದನ್ನು ಗಂಭೀರವಾಗಿಯೇ ಎತ್ತಿಕೊಂಡು ಲೆಕ್ಕ ಹಾಕಿದರು. ಭಾಷೆ ವೇದಕಾಲದ್ದಲ್ಲ, ಇತ್ತೀಚಿನದು, ಮತ್ತು ಈ ವಿಮಾನಗಳಲ್ಲಿ ಒಂದೂ ಹಾರುವುದಿಲ್ಲ ಎಂಬುದು ಅವರ ತೀರ್ಮಾನ.

ಈ ಪ್ರಸಂಗ ಹೇಳಿದಾಗ ಸಭೆಯಲ್ಲಿ ಅರ್ಧ ಜನ ನಗುತ್ತಾರೆ, ಅರ್ಧ ಜನಕ್ಕೆ ಕೋಪ ಬರುತ್ತದೆ. ನನಗೆ ಎರಡೂ ಆಗುವುದಿಲ್ಲ, ಹೊಟ್ಟೆಕಿಚ್ಚಾಗುತ್ತದೆ. ಎಂಥ ಕಲ್ಪನೆ! ಬಡತನ, ಕಾಯಿಲೆ, ಅಲೆದಾಟದಲ್ಲಿ ಬಾಲ್ಯ ಕಳೆದ ಒಬ್ಬರು, ಆಳುವವರ ವಿಮಾನವನ್ನು ತಲೆಯೆತ್ತಿ ನೋಡಬೇಕಾಗಿದ್ದ ಕಾಲದಲ್ಲಿ, ಅದಕ್ಕಿಂತ ದೊಡ್ಡದನ್ನು ಮನಸ್ಸಿನಲ್ಲಿ ಕಟ್ಟಿದರು. ‘ಇದು ಕಾದಂಬರಿ’ ಎಂಬ ಎರಡು ಪದ ಮೇಲೆ ಬರೆದಿದ್ದರೆ ಸುಬ್ಬರಾಯ ಶಾಸ್ತ್ರಿಗಳು ನಮ್ಮ ಜೂಲ್ಸ್ ವರ್ನ್ ಆಗುತ್ತಿದ್ದರು ಎಂದು ನಾನು ಪೂರ್ತಿ ಗಂಭೀರವಾಗಿ ಹೇಳುತ್ತೇನೆ. ವಿಜ್ಞಾನ ಕಥೆಗಾರನೂ ಸುಳ್ಳೇ ಹೇಳುವುದು. ಅವನಿಗೆ ಒಂದು ಸುಳ್ಳಿಗೆ ರಜೆ ಇದೆ. ಆದರೆ ಆ ಸುಳ್ಳು ಯಾವ ಪುಟದಲ್ಲಿದೆ ಎಂಬುದು ಅವನಿಗೆ ಗೊತ್ತಿರಬೇಕು, ಪುಸ್ತಕ ಮುಚ್ಚಿದ ಮೇಲೆ ಓದುವವನಿಗೂ ಗೊತ್ತಾಗಬೇಕು. ಇದೇ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ, ನಮ್ಮ ಪಕ್ಕದ ಗೌರಿಬಿದನೂರು ಸೀಮೆಯ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರಿಶೀಲಿಸುವ ಸಮಿತಿ ಮಾಡಿದಾಗ ಕೇಳಿದ್ದೂ ಅಷ್ಟೇ: ತೋರಿಸಿ, ನೋಡುತ್ತೇವೆ.

ಶಾಸ್ತ್ರಿಗಳು ಬರೆಸಿ ಮುಗಿಸಿದ ಸರಿಯಾಗಿ ನೂರು ವರ್ಷಕ್ಕೆ, 2023ರ ಆಗಸ್ಟ್ 23ರ ಸಂಜೆ, ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು. ಇಳಿಸಿದವರು ಬೆಂಗಳೂರಿನ ಪೀಣ್ಯದ ಕಡೆಯ ಇಸ್ರೋ ಕೇಂದ್ರದಲ್ಲಿ ಕೂತಿದ್ದರು. ನಾನು ಟಿ.ವಿ.ಯಲ್ಲಿ ನೋಡುತ್ತಾ ಕೂತಿದ್ದು ಒಂದು ಹೋಟೆಲಿನಲ್ಲಿ. ಇಳಿದ ಕೂಡಲೇ ಎಲ್ಲರೂ ಚಪ್ಪಾಳೆ ತಟ್ಟಿದರು. ಪಕ್ಕದ ಮೇಜಿನವರು ಚಪ್ಪಾಳೆ ಮುಗಿಸಿ, ‘ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು ಬಿಡಿ’ ಎಂದು ಕಾಫಿ ಕುಡಿದರು. ಕಣ್ಣೆದುರು ಇಳಿದದ್ದಕ್ಕಿಂತ ಎಂದೂ ಹಾರದೇ ಹೋದದ್ದರ ಮೇಲೆ ಅವರಿಗೆ ಹೆಚ್ಚು ಅಭಿಮಾನ. ಬೋರಿನ ಯಜಮಾನರು ಎರಡೂ ಕಡೆ ಹೊಡೆಸಲು ತಯಾರಿದ್ದರಲ್ಲ, ಇವರೂ ಹಾಗೆಯೇ.

ಕನ್ನಡದಲ್ಲಿ ಒಳ್ಳೆಯ ವಿಜ್ಞಾನ ಕಥೆ ಇಲ್ಲವೇ ಎಂದರೆ ಇದೆ. ರಾಜಶೇಖರ ಭೂಸನೂರಮಠರು ಯಾರೂ ಕೈಹಾಕದಿದ್ದಾಗ ಒಬ್ಬರೇ ಕೂತು ಬರೆದರು. ‘ಮನ್ವಂತರ’ದಂಥ ಪುಸ್ತಕ ಸಿಗದೇ ಇದ್ದಿದ್ದರೆ ನನ್ನಂಥವನು ಪೆನ್ನು ಹಿಡಿಯುತ್ತಿರಲಿಲ್ಲ. ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರು ಇತಿಹಾಸ, ಜೀವವಿಜ್ಞಾನ ಎರಡನ್ನೂ ಕಥೆಯೊಳಗೆ ತಂದು, ಕೊನೆಯಲ್ಲಿ ಆಧಾರಗಳನ್ನೂ ಕೊಡುವ ಹೊಸ ರೂಢಿಯನ್ನೇ ಹಾಕಿದರು. ಆದರೆ ನನ್ನ ಮಟ್ಟಿಗೆ ಕನ್ನಡದ ಅತ್ಯುತ್ತಮ ವಿಜ್ಞಾನ ಕಾದಂಬರಿ ತೇಜಸ್ವಿಯವರ 1980ರ ‘ಕರ್ವಾಲೋ’. ಅದರಲ್ಲಿ ರಾಕೆಟ್ಟಿಲ್ಲ, ಮುಂದಿನ ಶತಮಾನವಿಲ್ಲ ಎಂದು ವಾದಿಸುವವರಿದ್ದಾರೆ, ಇರಲಿ. ಲಕ್ಷಾಂತರ ವರ್ಷ ಹಿಂದಿನಿಂದ ಬಂದ ಒಂದು ಹಾರುವ ಓತಿಯಿದೆ, ಸಾಲದೇ? ತೇಜಸ್ವಿಯವರು ಮಾಡಿದ ದೊಡ್ಡ ಕೆಲಸವೆಂದರೆ ಆ ಓತಿಯನ್ನು ಮೊದಲು ಕಂಡವನನ್ನು ವಿಜ್ಞಾನಿಯಾಗಿಸದೆ ಮಂದಣ್ಣನಾಗಿಸಿದ್ದು. ಊರವರ ಲೆಕ್ಕದಲ್ಲಿ ಅವನು ಕೆಲಸಕ್ಕೆ ಬಾರದವನು. ಕರ್ವಾಲೋ ಎಂಬ ದೊಡ್ಡ ವಿಜ್ಞಾನಿ ಅವನ ಹಿಂದೆ ನಡೆಯುತ್ತಾರೆ. ಸೌದೆ ತಂದವನ ಮುಖವನ್ನು ನೋಡಿದ ಪುಸ್ತಕ ಅದು.

ನನ್ನ ಕಥೆಯ 2020 ಬಂದೇ ಬಂತು. ಮಾರ್ಚ್ ತಿಂಗಳಲ್ಲಿ ಲಾಕ್‌ಡೌನ್ ಆಗಿ ದೊಡ್ಡಬಳ್ಳಾಪುರದ ಮಗ್ಗಗಳು ನಿಂತವು. ನಾನು ಬರೆದಿದ್ದ ಬಿಡುವು ನೇಕಾರರಿಗೆ ಸಿಕ್ಕಿತು. ಯಾರೂ ಮಾಕಳಿದುರ್ಗ ಹತ್ತಲಿಲ್ಲ. ನಮ್ಮ ಬೀದಿಯಲ್ಲಿ ಹಗಲೆಲ್ಲ ಕರೆಂಟು ಹೋದಾಗಿನ ಮೌನ, ಆದರೆ ಜಗುಲಿಗೆ ಬಂದು ಕೂರುವ ಹಾಗಿಲ್ಲ. ತಾನೇ ನೇಯುವ ಮಗ್ಗವೂ ಹೆಚ್ಚುಕಡಿಮೆ ಬಂದಿದೆ, ಆದರೆ ನಮ್ಮ ಮನೆಗಳಿಗಲ್ಲ, ಸೂರತ್ತಿಗೆ. ನಮ್ಮ ಬೀದಿಯಲ್ಲಿ ವಾರಗಟ್ಟಲೆ ಕೂತು ಕಾರ್ಡು ಹೊಡೆಸಿದ ಡಿಸೈನು ಅಲ್ಲಿ ಕಂಪ್ಯೂಟರಿನಲ್ಲಿ ನಕಲಾಗಿ ಅರ್ಧ ಬೆಲೆಗೆ ನಮ್ಮದೇ ಪೇಟೆಗೆ ಬರುತ್ತದೆ. ನಮ್ಮ ಬೀದಿಯ ಹುಡುಗರು ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳ ಬಸ್ಸು ಹತ್ತುತ್ತಾರೆ. ನಾನು ಯಂತ್ರವನ್ನು ಸರಿಯಾಗಿಯೇ ಊಹಿಸಿದ್ದೆ. ಅದನ್ನು ಯಾರ ಮನೆಯಲ್ಲಿ ನಿಲ್ಲಿಸುತ್ತಾರೆ ಎಂಬುದನ್ನು ಊಹಿಸಿರಲಿಲ್ಲ.

ಈಗ ಬರೆಯುವ ಹುಡುಗ ಹುಡುಗಿಯರು ಕೃತಕ ಬುದ್ಧಿಮತ್ತೆಯ ಕಥೆಗಳನ್ನು ತಂದು ತೋರಿಸುತ್ತಾರೆ. ಹೆಚ್ಚಿನವುಗಳಲ್ಲಿ ಯಂತ್ರಕ್ಕೆ ಪ್ರೀತಿ ಹುಟ್ಟುತ್ತದೆ, ಇಲ್ಲವೇ ಸಿಟ್ಟು ಬರುತ್ತದೆ. ನಾನು ಅವರಿಗೆ ಹೇಳುವುದು ಒಂದು ನಿಜ ಸಂಗತಿ. ಕೆಲವು ವರ್ಷಗಳ ಹಿಂದೆ ಚಾಮರಾಜನಗರದ ಕಡೆ ಹಳ್ಳಿಗಳಲ್ಲಿ ಹೆಂಗಸರು ಮೊಬೈಲು ಹಿಡಿದು ಕನ್ನಡ ವಾಕ್ಯಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದರು. ಯಂತ್ರಕ್ಕೆ ನಮ್ಮ ಮಾತು ಕಲಿಸುವ ಕೆಲಸ ಅದು. ಅದಕ್ಕೆ ಅವರಿಗೆ ಕೂಲಿ ಸಿಕ್ಕಿತು, ಸುತ್ತಲಿನ ಕೂಲಿಗಿಂತ ಹೆಚ್ಚೇ ಸಿಕ್ಕಿತು. ಈ ಸುದ್ದಿ ಓದಿದಾಗ ನನಗೆ ಅಮ್ಮನ ನೆನಪಾಯಿತು. ಅವಳಿಗೆ ಓದು ಬಾರದು, ಹಾಗಾಗಿ ಆ ಕೆಲಸವೂ ಸಿಗುತ್ತಿರಲಿಲ್ಲ.

ನೀರಿನ ಕಥೆ ಹೇಳಿ ಮುಗಿಸುತ್ತೇನೆ. ಇಲ್ಲಿ ಕೂತವರಿಗೆ ಚಂದ್ರನಿಗಿಂತ ಅದು ಹತ್ತಿರ. ನಂದಿಬೆಟ್ಟದಲ್ಲಿ ಹುಟ್ಟಿ ನಮ್ಮ ತಾಲ್ಲೂಕಿನಲ್ಲಿ ಹಾದು ಹೋಗುವ ಅರ್ಕಾವತಿಗೆ ಹೆಸರಘಟ್ಟದಲ್ಲಿ ಕೆರೆ ಕಟ್ಟಿ, 1890ರ ದಶಕದಲ್ಲಿ ಬೆಂಗಳೂರಿಗೆ ಕೊಳವೆಯಲ್ಲಿ ನೀರು ಕೊಟ್ಟರು. ಆ ಹೊತ್ತಿನಲ್ಲಿ ಒಬ್ಬ ಕಥೆಗಾರ ಹೀಗೆ ಬರೆದಿದ್ದ ಎನ್ನಿ: ಮುಂದೊಂದು ದಿನ ಈ ಹೊಳೆ ಒಣಗಿಹೋಗುತ್ತದೆ, ರೈತರು ಸಾವಿರ ಅಡಿ ಕಲ್ಲು ಕೊರೆಯುತ್ತಾರೆ, ಬೆಂಗಳೂರು ಕುಡಿದು, ಮಿಂದು, ತೊಳೆದು ಬಿಟ್ಟ ನೀರನ್ನು ಶುದ್ಧಮಾಡಿ ಪಂಪಿನಲ್ಲಿ ಹಿಂದಕ್ಕೆ ಹತ್ತಿಸಿ ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳಿಗೆ ತುಂಬಿಸುತ್ತಾರೆ. ಯಾವ ಸಂಪಾದಕರೂ ಅಚ್ಚು ಹಾಕುತ್ತಿರಲಿಲ್ಲ. 2018ರಿಂದ ಅದು ನಡೆಯುತ್ತಿದೆ. ಆ ಕಥೆಗಾರ ಹೊಳೆ ಬತ್ತುವುದನ್ನು, ಪಂಪನ್ನು, ಕೊಳವೆಯನ್ನು ಹೇಗೋ ಊಹಿಸಿದ್ದಾನು. ಆದರೆ ಪಕ್ಕದ ಹೊಲದವನು ಆರುನೂರು ಅಡಿ ಹೋದನೆಂದು ತಾನು ಎಂಟುನೂರಕ್ಕೆ ಹೋಗುವ ಮನುಷ್ಯನನ್ನು, ಸಾಲ ಮಾಡಿ ಹೋಗುವ ಅವನನ್ನು, ಅಷ್ಟು ಹತ್ತಿರದಿಂದ ನೋಡಿ ಬರೆಯುತ್ತಿದ್ದನೇ?

ನಾನೂ ಆ ಕಥೆ ಶುರು ಮಾಡಿದ್ದೇನೆ. ನೆಲದೊಳಗಿನ ನೀರು ಯಾರ ಹೊಲದ ಕೆಳಗೆ ಎಷ್ಟಿದೆ ಎಂದು ಎಲ್ಲರ ಮೊಬೈಲಿನಲ್ಲೂ ಕಾಣುವ ಒಂದು ಹಳ್ಳಿ. ನನ್ನ ಒಂದು ಸುಳ್ಳು ಅದು. ಮಿಕ್ಕಿದ್ದೆಲ್ಲ ನಿಜ ಇರಬೇಕು. ಅಲ್ಲೇ ಸಿಕ್ಕಿಕೊಂಡಿದ್ದೇನೆ. ಕಂಡ ಮೇಲೆ ಅವರು ಹಂಚಿಕೊಳ್ಳುತ್ತಾರೋ, ರಾತ್ರೋರಾತ್ರಿ ಲಾರಿ ಕರೆಸುತ್ತಾರೋ? ನನ್ನ ಪಾತ್ರಗಳು ದಿನಕ್ಕೊಂದು ಹೇಳುತ್ತಿವೆ. ಬೆಳಿಗ್ಗೆ ಕಂಡ ಯಜಮಾನರನ್ನು ವಾಪಸು ಹೋಗುವಾಗ ಕೇಳಬೇಕೆಂದಿದ್ದೇನೆ, ಅಷ್ಟರಲ್ಲಿ ನೀರು ಬಿದ್ದಿದ್ದರೆ.

ಕೊನೆಯದಾಗಿ, ಮೇಜಿನ ಮೇಲೆ ಈ ಚೀಲ ಯಾಕಿದೆ ಎಂದು ಮುಂದಿನ ಸಾಲಿನವರು ಆಗಿನಿಂದ ನೋಡುತ್ತಿದ್ದೀರಿ. ಅಪ್ಪ ಹೋದ ಮೇಲೆ ನಮ್ಮ ಎರಡೂ ಮಗ್ಗಗಳನ್ನು ಗುಜರಿಗೆ ಹಾಕಿದೆವು. ಕೇಜಿ ಲೆಕ್ಕದಲ್ಲಿ ಹೋದವು. ಜಕಾರ್ಡ್ ಪೆಟ್ಟಿಗೆಯೂ ಹೋಯಿತು. ಅಟ್ಟದ ಮೇಲೆ ಕಾರ್ಡಿನ ಈ ಒಂದು ಕಂತೆ ಉಳಿದಿತ್ತು. ಇಲಿ ಒಂದು ಮೂಲೆ ತಿಂದಿದೆ, ಉಳಿದದ್ದು ಗಟ್ಟಿಯಾಗಿದೆ. ಇದರಲ್ಲಿ ಒಂದು ಸೆರಗಿದೆ. ಯಾವ ಸೆರಗು ಎಂದು ನನಗೆ ಓದಲು ಬಾರದು, ಓದುವ ಪೆಟ್ಟಿಗೆ ನಮ್ಮ ಮನೆಯಲ್ಲಿಲ್ಲ. ಸಾಲಿನಿಂದ ಸಾಲಿಗೆ ದಾಟಿಸುತ್ತೀರಾ? ಮಕ್ಕಳೆ, ಮಡಚಬೇಡಿ, ಬೆಳಕಿಗೆ ಹಿಡಿದು ತೂತು ನೋಡಿ. ಇಲ್ಲಿ ಮಗ್ಗದ ಮನೆಯ ಹಿರಿಯರು ಯಾರಾದರೂ ಇದ್ದರೆ, ನವಿಲೋ, ಮಾವೋ, ಗೋಪುರವೋ, ಹೋಗುವ ಮುಂಚೆ ನನಗೊಂದು ಮಾತು ಹೇಳಿ.